ಈಪರ್‌ನ ಮೆನಿನ್ ಗೇಟ್, ರಾತ್ರಿ 8ರ ಲಾಸ್ಟ್ ಪೋಸ್ಟ್: ಬ್ಯೂಗಲ್ ಊದೋದನ್ನ ನಿಜವಾಗ್ಲೂ ಕೇಳ್ಬೇಕು ಅನ್ನೋರಿಗೆ

ಬೆಲ್ಜಿಯಂ ನೋಡೋಕೆ ಬರೋ ನಮ್ಮವರು ಸಾಮಾನ್ಯವಾಗಿ ಬ್ರಸೆಲ್ಸ್, ಬ್ರೂಜ್, ಚಾಕ್ಲೇಟ್ ಅಂಗಡಿ ಅಷ್ಟು ಮುಗಿಸಿ ಪ್ಯಾರಿಸ್ ಕಡೆ ಹೊರಟ್ಬಿಡ್ತಾರೆ. ಒಂದು ಸಂಜೆ ಖಾಲಿ ಇದೆ ಏನ್ ಮಾಡೋಣ ಅಂತ ಯಾರಾದ್ರೂ ಕೇಳಿದ್ರೆ ನಾನು ಹೇಳೋದು ಒಂದೇ, ಈಪರ್‌ಗೆ ಹೋಗಿ, ರಾತ್ರಿ 8 ಗಂಟೆಗೆ ಮೆನಿನ್ ಗೇಟ್ ಕೆಳಗೆ ನಿಂತ್ಕೊಳ್ಳಿ. ಯುದ್ಧದಲ್ಲಿ ಸತ್ತೋರ ನೆನಪಿಗೆ ಅಲ್ಲಿ ದಿನಾ ಬ್ಯೂಗಲ್ಲಲ್ಲಿ, ಅಂದ್ರೆ ಸೈನ್ಯದ ಕಹಳೆಯಲ್ಲಿ, ಲಾಸ್ಟ್ ಪೋಸ್ಟ್ ಅನ್ನೋ ಕರೆ ಊದ್ತಾರೆ. ಟಿಕೆಟ್ ಇಲ್ಲ, ಬುಕಿಂಗ್ ಇಲ್ಲ, ಸೀಟೂ ಇಲ್ಲ, ರಸ್ತೆ ಮೇಲೆ ನಿಂತ್ಕೊಂಡೇ ನೋಡೋದು. ಹತ್ತರಿಂದ ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತೆ. ನಾನು ಐದಕ್ಕೆ ಐದು ಸ್ಟಾರ್ ಕೊಡ್ತಿದೀನಿ, ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಬರೀತೀನಿ, ಯಾಕಂದ್ರೆ ಇಂಟರ್ನೆಟ್ಟಲ್ಲಿ ಈ ಜಾಗದ ಬಗ್ಗೆ ಇರೋ ರಿವ್ಯೂಗಳಲ್ಲಿ ಅರ್ಧಕ್ಕರ್ಧ "ತುಂಬಾ ಮೂವಿಂಗ್" ಅಂತ ಒಂದು ಸಾಲು ಬರೆದು ಬಿಟ್ಟಿರ್ತಾರೆ, ಅದರಿಂದ ಹೋಗೋರಿಗೆ ಏನೂ ಉಪಯೋಗ ಇಲ್ಲ.

ಮೊದಲು ಇದೇನು ಅಂತ ಗೊತ್ತಿಲ್ಲದೇ ಇರೋರಿಗೆ. ಮೊದಲನೇ ಮಹಾಯುದ್ಧದಲ್ಲಿ ಈಪರ್ ಅನ್ನೋ ಈ ಪುಟ್ಟ ಊರಿನ ಸುತ್ತ ನಾಲ್ಕು ವರ್ಷ ಯುದ್ಧ ನಡೀತು, ಊರು ನೆಲಸಮ ಆಯ್ತು. ಬ್ರಿಟಿಷ್ ಸಾಮ್ರಾಜ್ಯದ ಸೈನಿಕರು ಮುಂಚೂಣಿಗೆ ಹೋಗ್ತಾ ಊರಿನ ಕೋಟೆಗೋಡೆಯ ಈ ಸಂದಿಯಲ್ಲೇ ನಡ್ಕೊಂಡು ಹೋಗ್ತಿದ್ರು. ಹೋದವರಲ್ಲಿ ಸತ್ತು ದೇಹವೇ ಸಿಗದೇ ಹೋದೋರಿಗೆ ಅಂತ ಅದೇ ಜಾಗದಲ್ಲಿ ರೆಜಿನಾಲ್ಡ್ ಬ್ಲೂಮ್‌ಫೀಲ್ಡ್ ಅನ್ನೋ ಆರ್ಕಿಟೆಕ್ಟ್ ಈ ದೊಡ್ಡ ಕಮಾನು ಕಟ್ಟಿದ್ದು, 1927ರ ಜುಲೈ 24ಕ್ಕೆ ಉದ್ಘಾಟನೆ ಆಯ್ತು. ಒಳಗಡೆ ಗೋಡೆ ತುಂಬಾ 54,000ಕ್ಕೂ ಹೆಚ್ಚು ಹೆಸರು. ಅಷ್ಟು ದೊಡ್ಡ ಕಟ್ಟಡಕ್ಕೂ ಎಲ್ಲ ಹೆಸರು ಹಿಡೀಲಿಲ್ಲ, 1917ರ ಆಗಸ್ಟ್ ಮಧ್ಯದ ನಂತರ ಕಾಣೆಯಾದ ಬ್ರಿಟನ್ನಿನ ಸೈನಿಕರ ಹೆಸರುಗಳನ್ನ ಹತ್ತಿರದ ಟೈನ್ ಕಾಟ್ ಸ್ಮಶಾನದ ಗೋಡೆ ಮೇಲೆ ಕೆತ್ತಬೇಕಾಯ್ತು.

ಉದ್ಘಾಟನೆ ಆದ ಮರುವರ್ಷ, ಅಂದ್ರೆ 1928ರ ಜುಲೈ 2ಕ್ಕೆ, ಈ ಊರಿನ ಪೊಲೀಸ್ ಸೂಪರಿಂಟೆಂಡೆಂಟ್ ಪಿಯೆರ್ ವಾಂಡೆನ್‌ಬ್ರಾಂಬುಸ್ಸೆ ಅನ್ನೋರು ಶುರು ಮಾಡಿದ್ದು ಈ ಪದ್ಧತಿ. ನಮ್ಮ ಊರು ಉಳಿಸೋಕೆ ಬಂದು ಸತ್ತೋರು, ನಾವು ಊರಿನೋರು ದಿನಾ ಒಂದ್ಸಲ ನೆನೆಸ್ಕೋಬೇಕು, ಅಷ್ಟೇ ಅವರ ಆಲೋಚನೆ. ಮೊದಲ ಚಳಿಗಾಲಕ್ಕೆ ನಿಂತಿತ್ತು, 1929ರ ಮೇ 1ರಿಂದ ದಿನಾ ರಾತ್ರಿ. ಎರಡನೇ ಮಹಾಯುದ್ಧದಲ್ಲಿ ಜರ್ಮನ್ನರು ಊರು ಹಿಡ್ಕೊಂಡಾಗ, 1940ರ ಮೇ 20ರಿಂದ ಇಲ್ಲಿ ನಿಂತೋಯ್ತು, ಆಗ ಇಂಗ್ಲೆಂಡಿನ ಬ್ರುಕ್‌ವುಡ್ ಮಿಲಿಟರಿ ಸ್ಮಶಾನದಲ್ಲಿ ಮುಂದುವರಿಸಿದ್ರು. 1944ರ ಸೆಪ್ಟೆಂಬರ್ 6ಕ್ಕೆ ಪೋಲೆಂಡಿನ ಪಡೆ ಬಂದು ಊರು ಬಿಡಿಸ್ತಾ ಇದ್ರೆ, ಊರಿನ ಇನ್ನೊಂದು ಮೂಲೇಲಿ ಇನ್ನೂ ಗುಂಡು ಹಾರ್ತಿರೋವಾಗ್ಲೇ ಅವತ್ತು ಸಂಜೆ ಇಲ್ಲಿ ಬ್ಯೂಗಲ್ ಊದಿದ್ರಂತೆ. ಅಲ್ಲಿಂದ ಇವತ್ತಿನವರೆಗೂ ನಿಂತಿಲ್ಲ. 2015ರ ಜುಲೈ 9ಕ್ಕೆ 30,000ನೇ ಸಲ ಆಯ್ತು. ಕೋವಿಡ್ ಟೈಮಲ್ಲಿ ಜನ ಯಾರೂ ಬರೋ ಹಾಗಿರ್ಲಿಲ್ಲ, ಆಗ್ಲೂ ಒಬ್ಬರೇ ಬಂದು ಖಾಲಿ ಕಮಾನಿನ ಕೆಳಗೆ ಊದಿ ಹೋಗ್ತಿದ್ರು. 2023ರಲ್ಲಿ ಕಟ್ಟಡದ ದೊಡ್ಡ ರಿಪೇರಿ ಶುರುವಾಗಿ ಅಟ್ಟಣಿಗೆ ಕಟ್ಟಿದಾಗ್ಲೂ ಅಷ್ಟೇ, ಬಿಡಲಿಲ್ಲ.

ಈಗ ಅಸಲಿ ವಿಷಯಕ್ಕೆ ಬರ್ತೀನಿ. ನಾವಿರೋದು ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ, ಅಲ್ಲಿಂದ ಕಾರಲ್ಲಿ ಎರಡೂವರೆ ಗಂಟೆ. ಮುಂಚೆ ನಾನೂ ನಮ್ಮನೆಯವರೂ ಹೋಗಿದ್ವಿ, ಚೆನ್ನಾಗಿದೆ ಅನ್ಸಿತ್ತು. ಆದ್ರೆ ಅಲ್ಲಿ ನಡೆಯೋದು ಏನು ಅಂತ ನನಗೆ ಕಿವಿ ಬಿಟ್ಟಿದ್ದು ನಮ್ಮ ಮಾವನವರನ್ನ ಕರ್ಕೊಂಡು ಹೋದಾಗ. ಮಾವ ಊರಲ್ಲಿ ಡಿಎಆರ್, ಅಂದ್ರೆ ಜಿಲ್ಲಾ ಸಶಸ್ತ್ರ ಮೀಸಲು ಪೊಲೀಸ್‌ನಲ್ಲಿದ್ದೋರು, ಅದರಲ್ಲೂ ಬ್ಯೂಗ್ಲರ್ ಆಗಿ ವರ್ಷಗಟ್ಟಲೆ ಕೆಲಸ ಮಾಡಿ ರಿಟೈರ್ ಆದೋರು. ಪರೇಡಿಗೆ, ಅಕ್ಟೋಬರ್ 21ರ ಪೊಲೀಸ್ ಹುತಾತ್ಮರ ದಿನಕ್ಕೆ, ಡ್ಯೂಟಿಲಿ ತೀರ್ಕೊಂಡ ಪೊಲೀಸರ ಮಣ್ಣಿಗೆ, ಸರ್ಕಾರಿ ಗೌರವದ ಅಂತ್ಯಕ್ರಿಯೆಗಳಿಗೆ ಎಲ್ಲಾ ಊದಿದಾರೆ. ನಾವೆಲ್ಲ ಟಿವಿಲಿ ನೋಡಿರ್ತೀವಲ್ಲ, ದೊಡ್ಡ ಸಾಹಿತಿಗಳೋ ಸಿನಿಮಾದೋರೋ ಹೋದಾಗ ಸಕಲ ಸರ್ಕಾರಿ ಗೌರವ ಅಂತ, ಪೊಲೀಸರು ಮೂರು ಸುತ್ತು ಗಾಳಿಗೆ ಗುಂಡು ಹಾರಿಸ್ತಾರೆ, ಆಮೇಲೆ ಬ್ಯೂಗಲ್ ಕೇಳುತ್ತೆ, ಕ್ಯಾಮೆರಾ ಆ ಹೊತ್ತಿಗೆ ಯಾರ್ಯಾರು ಬಂದಿದಾರೆ ಅಂತ ತೋರಿಸ್ತಿರುತ್ತೆ, ಆ ಊದೋ ಮನುಷ್ಯನ ಮುಖ ಯಾವತ್ತೂ ಕಾಣಲ್ಲ. ಮಾವ ಆ ಕಾಣದೇ ಇರೋ ಮನುಷ್ಯ. ಊದೋದು ಅದೇ ಲಾಸ್ಟ್ ಪೋಸ್ಟ್, ಬ್ರಿಟಿಷರ ಸೈನ್ಯದಿಂದ ನಮ್ಮ ಸೈನ್ಯಕ್ಕೂ ಪೊಲೀಸಿಗೂ ಬಂದಿದ್ದು. ಮೂಲದಲ್ಲಿ ಅದು ಸಾವಿಗೆ ಅಂತ ಮಾಡಿದ್ದೇ ಅಲ್ಲ, ರಾತ್ರಿ ಪಹರೆಯ ಆಫೀಸರ್ ಎಲ್ಲ ಕಾವಲುಗಳನ್ನೂ ನೋಡಿ ಮುಗಿಸಿದ್ರು, ಇನ್ನು ದಿನದ ಕೆಲಸ ಮುಗೀತು ಅಂತ ಕ್ಯಾಂಪಿಗೆ ತಿಳಿಸೋ ಕರೆ. ಸತ್ತ ಸೈನಿಕನಿಗೂ ಡ್ಯೂಟಿ ಮುಗೀತು ಅಂತ ಆಮೇಲೆ ಮಣ್ಣಿನಲ್ಲಿ ಊದೋಕೆ ಶುರು ಮಾಡಿದ್ರು.

ಏಳೂವರೆ ಹೊತ್ತಿಗೆ ಪೊಲೀಸರು ರಸ್ತೆ ಬಂದ್ ಮಾಡ್ತಾರೆ. ಇದು ಕಾರು ಬಸ್ಸು ಓಡಾಡೋ ರಸ್ತೆ ಕಣ್ರೀ, ಹಗಲು ಹೊತ್ತು ಸ್ಮಾರಕದ ಒಳಗಿಂದಾನೇ ಟ್ರಾಫಿಕ್ ಹೋಗ್ತಿರುತ್ತೆ. ಬಂದ್ ಆದ್ಮೇಲೆ ಜನ ಎರಡೂ ಕಡೆ ಹಗ್ಗದ ಹಿಂದೆ ತುಂಬ್ಕೋತಾರೆ. 8 ಆಗೋಕೆ ಸ್ವಲ್ಪ ಮುಂಚೆ ಊದೋರು ಬಂದು ರಸ್ತೆ ಮಧ್ಯ ಸಾಲಾಗಿ ನಿಲ್ತಾರೆ. ಯೂನಿಫಾರ್ಮ್ ನೋಡಿ ಮಿಲಿಟರಿಯೋರು ಅನ್ಕೋಬೇಡಿ, ಅವರು ಈಪರ್‌ನ ಫೈರ್ ಬ್ರಿಗೇಡಿನೋರು, ಅದೂ ಸ್ವಯಂಸೇವಕ ಅಗ್ನಿಶಾಮಕ ದಳ. ಹಗಲು ಬೇರೆ ಬೇರೆ ಕೆಲಸ ಮಾಡ್ಕೊಂಡು, ಬೆಂಕಿ ಬಿದ್ರೆ ಓಡಿ, ಸಂಜೆ ಸರದಿ ಪ್ರಕಾರ ಇಲ್ಲಿ ಬಂದು ಊದೋರು. ಮಾವನಿಗೆ ಇದು ಹೇಳಿದಾಗ ನಂಬಲೇ ಇಲ್ಲ. "ಮಿಲಿಟರಿ ಬ್ಯಾಂಡಿನೋರಲ್ವೇನಮ್ಮ? ಮತ್ತೆ ಪ್ರಾಕ್ಟೀಸು?" ಅಂದ್ರು. ದಿನಾ ಊದೋದೇ ಪ್ರಾಕ್ಟೀಸು ಮಾವ ಅಂದೆ.

ಮೊದಲು ಚಿಕ್ಕದಾಗಿ ಒಂದು ಕರೆ, ಎಲ್ಲರೂ ಸುಮ್ಮನಾಗಿ ಅಂತ. ಆಮೇಲೆ ಲಾಸ್ಟ್ ಪೋಸ್ಟ್. ಅದಾದ್ಮೇಲೆ ಒಬ್ಬರು ಮುಂದೆ ಬಂದು 1914ರಲ್ಲಿ ಬರೆದ ಒಂದು ಇಂಗ್ಲಿಷ್ ಕವಿತೆಯ ನಾಲ್ಕು ಸಾಲು ಹೇಳ್ತಾರೆ, ಒಂದು ನಿಮಿಷ ಮೌನ, ಪುಷ್ಪಚಕ್ರ ಇಡೋರಿದ್ರೆ ಇಡ್ತಾರೆ, ಕಡೇಲಿ ರೆವೆಲಿ ಅಂತ ಬೆಳಗ್ಗೆ ಸೈನಿಕರನ್ನ ಎಬ್ಬಿಸೋ ಕರೆ. ಅಷ್ಟೇ. ಭಾಷಣ ಇಲ್ಲ, ಗಣ್ಯರಿಗೆ ಸ್ವಾಗತ ಇಲ್ಲ, ನಿರೂಪಕರು ಮೈಕಲ್ಲಿ ವಿವರಿಸೋದಿಲ್ಲ. ಗಣ್ಯರು ಬಂದ್ರೂ ಕ್ರಮ ಇದೇ, ಯಾರೂ ಬರದೇ ಇದ್ರೂ ಇದೇ.

ಆದ್ರೆ ಆ ಮೊದಲ ಒಂದೂವರೆ ನಿಮಿಷ ಇದ್ಯಲ್ಲ, ಅದನ್ನ ಸ್ವಲ್ಪ ಬಿಡಿಸಿ ಹೇಳ್ಬೇಕು. ಬ್ಯೂಗಲ್‌ಗೆ ಕ್ಲಾರಿನೆಟ್ ತರ ಕೀಲಿ ಇಲ್ಲ, ಟ್ರಂಪೆಟ್ ತರ ಒತ್ತೋ ವಾಲ್ವೂ ಇಲ್ಲ, ಸುತ್ತಿದ ಒಂದು ಕೊಳವೆ ಅಷ್ಟೇ. ಸ್ವರ ಬದಲಾಗೋದು ಪೂರ್ತಿ ತುಟಿ ಬಿಗಿಯಿಂದ ಮತ್ತೆ ಉಸಿರಿಂದ. ಹಾಗಾಗಿ ಕರೆಗಳಿಗೆ ಬಳಸೋದು ಐದೇ ಸ್ವರ, ಸಂಗೀತ ಕಲ್ತೋರಿಗೆ ಹೇಳೋದಾದ್ರೆ ಸ, ಪ, ಮೇಲಿನ ಸ, ಗ, ಪ. ರಿ ಇಲ್ಲ, ಮ ಇಲ್ಲ, ದ ನಿ ಇಲ್ಲ, ಗಮಕ ಕೇಳ್ಲೇಬೇಡಿ. ಆ ಐದರಲ್ಲೇ ಇಷ್ಟೆಲ್ಲ ಆಗುತ್ತೆ. ನಾನು ಚಿಕ್ಕೋಳಿದ್ದಾಗ ಸಂಗೀತ ಪಾಠಕ್ಕೆ ಹೋಗ್ತಿದ್ದೆ, ಷಡ್ಜ ಪಂಚಮ ಹಿಡಿದು ನಿಲ್ಸೋದು ಎಷ್ಟು ಕಷ್ಟ ಅಂತ ಗೊತ್ತು, ಕಂಠದಲ್ಲೇ ಅಷ್ಟು ಕಷ್ಟ ಇರೋದನ್ನ ಇವರು ತಣ್ಣಗಿರೋ ಲೋಹದ ಮೇಲೆ ತುಟಿ ಇಟ್ಟು ಮಾಡ್ಬೇಕು.

ಮಾವ ನೋಡಿದ್ದು ಪೂರ್ತಿ ಬೇರೆ. ನಾವೆಲ್ಲ ಬ್ಯೂಗಲ್ಲಿನ ಬಾಯಿ ಕಡೆ ನೋಡ್ತಿದ್ರೆ ಅವರು ಊದೋರ ಕತ್ತು, ಎದೆ ನೋಡ್ತಿದ್ರು. ಎಡತುದಿಲಿ ನಿಂತಿದ್ದ ವಯಸ್ಸಾದೋರು ಊದೋಕೆ ಮುಂಚೆ ಮೌತ್‌ಪೀಸನ್ನ ಅಂಗೈಲಿ ಮುಚ್ಚಿ ಹಿಡ್ಕೊಂಡಿದ್ದನ್ನ ತೋರಿಸಿದ್ರು, ಚಳಿಗೆ ಲೋಹ ತಣ್ಣಗಾದ್ರೆ ತುಟಿ ಜೋಮು ಹಿಡಿಯುತ್ತೆ, ಸ್ವರಾನೂ ಇಳಿದ್ಬಿಡುತ್ತೆ ಅಂತ. ಆಮೇಲೆ ಊದುವಾಗ ಕೆನ್ನೆ ಉಬ್ಬಲ್ಲ ನೋಡಿ, ಉಬ್ಬಿದ್ರೆ ಅವನು ಹೊಸಬ. ತುಟಿ ಎರಡೂ ಮೂಲೆ ಬಿಗಿಯಾಗಿರುತ್ತೆ, ಗಲ್ಲ ಕೆಳಗೆ ಎಳೆದಿರುತ್ತೆ, ಉಸಿರು ಹೊಟ್ಟೆಯಿಂದ. ಮೇಲಿನ ಪಂಚಮಕ್ಕೆ ಹತ್ತಿ ಅಲ್ಲಿ ನಿಲ್ಲಿಸಿ ನಿಧಾನಕ್ಕೆ ಸಣ್ಣ ಮಾಡ್ತಾ ಬರೋ ಜಾಗ ಬಂದಾಗ ಮಾವ ನನ್ನ ತೋಳು ಹಿಡ್ಕೊಂಡ್ರು. ಜೋರಾಗಿ ಊದೋದು ಯಾರ್ ಬೇಕಾದ್ರೂ ಮಾಡ್ತಾರೆ, ಸಣ್ಣಗೆ ಊದ್ತಾ ಸ್ವರ ಬೀಳದೇ ಇರೋ ಹಾಗೆ ಹಿಡಿಯೋದೇ ವಿದ್ಯೆ ಅಂತ ಆಮೇಲೆ ಹೇಳಿದ್ರು. ಅವತ್ತು ಊದಿದೋರು ಎಲ್ಲರೂ ಒಟ್ಟಿಗೆ ಅದನ್ನ ಹಿಡಿದ್ರು, ಒಬ್ಬರದು ಮುಂದೆ ಒಬ್ಬರದು ಹಿಂದೆ ಆಗ್ಲಿಲ್ಲ. "ಉಸಿರು ಎಲ್ಲಿ ತಗೊಂಡ್ರು ಅಂತಾನೇ ಗೊತ್ತಾಗ್ಲಿಲ್ಲ ಕಣಮ್ಮ, ನಾನು ಅದನ್ನೇ ನೋಡ್ತಿದ್ದೆ" ಅಂದ್ರು, ಅದು ಮಾವನ ಬಾಯಲ್ಲಿ ಬರೋ ಅತಿ ದೊಡ್ಡ ಹೊಗಳಿಕೆ.

ಜಾಗದ ಶಬ್ದಾನೂ ಹೇಳ್ಬೇಕು. ಒಳಗಿನ ಹಾಲ್ ಸುಮಾರು 36 ಮೀಟರ್ ಉದ್ದ, 20 ಮೀಟರ್ ಅಗಲ, ಮೇಲೆ ಉದ್ದಕ್ಕೆ ಸೀಳಿದ ಅರ್ಧ ಕೊಳವೆ ತರ ಬಾಗಿದ ಚಾವಣಿ, ಎರಡೂ ತುದಿ ತೆರೆದಿರುತ್ತೆ. ಒಂದು ಸ್ವರ ಬಿಟ್ಟು ಇನ್ನೊಂದು ಸ್ವರಕ್ಕೆ ಹೋಗೋ ಸಣ್ಣ ಗ್ಯಾಪಲ್ಲಿ ಹಿಂದಿನ ಸ್ವರ ಇನ್ನೂ ಮೇಲೆ ಓಡಾಡ್ತಿರುತ್ತೆ, ಅದರ ಮೇಲೆ ಹೊಸದು ಬಂದು ಕೂರುತ್ತೆ. ಊದೋರಿಗೆ ಇದು ಗೊತ್ತು, ಅದಕ್ಕೇ ಅವಸರ ಮಾಡಲ್ಲ, ಚಾವಣಿ ಉತ್ತರ ಕೊಟ್ಟ ಮೇಲೆ ಮುಂದಿನದು. ಮೊಬೈಲಲ್ಲಿ ರೆಕಾರ್ಡ್ ಮಾಡಿ ಮನೇಲಿ ಕೇಳಿದ್ರೆ ಇದು ಬರೋದೇ ಇಲ್ಲ, ಚಪ್ಪಟೆಯಾಗಿ ಕೇಳುತ್ತೆ. ದಯವಿಟ್ಟು ಫೋನ್ ಜೇಬಲ್ಲಿಡಿ, ಯೂಟ್ಯೂಬಲ್ಲಿ ಬೇಕಾದಷ್ಟು ವಿಡಿಯೋ ಇದೆ, ನಿಮ್ಮದು ಇನ್ನೊಂದು ಬೇಕಾಗಿಲ್ಲ.

ಇನ್ನೊಂದು ವಿಷಯ. ಕೆಲವೊಮ್ಮೆ ಒಬ್ಬರದು ಸ್ವರ ಒಡೆಯುತ್ತೆ. ನಾವು ಹೋದ ಬೇರೊಂದು ಸಲ ಆಗಿತ್ತು, ಪಕ್ಕದಲ್ಲಿದ್ದೋರು ನಕ್ಕರು, ನನಗೆ ತುಂಬಾ ಬೇಜಾರಾಯ್ತು. ಒಡೆಯೋದು ತಪ್ಪಲ್ಲ ರೀ. ಅಮೆರಿಕದಲ್ಲಿ 1963ರ ನವೆಂಬರ್ 25ಕ್ಕೆ ಕೆನಡಿ ಅಂತ್ಯಕ್ರಿಯೆಯಲ್ಲಿ ಆರ್ಲಿಂಗ್ಟನ್ ಸ್ಮಶಾನದಲ್ಲಿ ಅವರ ಕರೆಯಾದ ಟ್ಯಾಪ್ಸ್ ಊದಿದ ಸಾರ್ಜೆಂಟ್ ಕೀತ್ ಕ್ಲಾರ್ಕ್ ಆ ದೇಶದ ಅತ್ಯುತ್ತಮ ಊದುಗಾರರಲ್ಲಿ ಒಬ್ಬರು, ಚಳಿಲಿ ಗಂಟೆಗಟ್ಟಲೆ ಕಾದು ನಿಂತು, ಕೋವಿ ಗುಂಡಿನ ಸದ್ದು ಆದ ಕೂಡ್ಲೇ ಊದೋಕೆ ಹೋದಾಗ ಆರನೇ ಸ್ವರ ಒಡೀತು. ಇಡೀ ದೇಶ ಕೇಳಿಸ್ಕೊಂತು, ದೇಶವೇ ಬಿಕ್ಕಿದ ಹಾಗಿತ್ತು ಅಂತ ಜನ ಅದನ್ನ ಎದೆಗೆ ಹಚ್ಕೊಂಡ್ರು. ಮನುಷ್ಯ ಊದ್ತಾನೆ ಅನ್ನೋದಕ್ಕೆ ಅದೇ ಸಾಕ್ಷಿ.

ಇದನ್ನ ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ, ಅದೇ ಅಮೆರಿಕದಲ್ಲಿ 2000ದಿಂದ ಪ್ರತಿಯೊಬ್ಬ ಮಾಜಿ ಸೈನಿಕನ ಮಣ್ಣಿಗೂ ಕುಟುಂಬದೋರು ಕೇಳಿದ್ರೆ ಸೈನ್ಯದ ಗೌರವ ಕೊಡ್ಲೇಬೇಕು, ಟ್ಯಾಪ್ಸ್ ಕೇಳಿಸ್ಲೇಬೇಕು ಅಂತ ಕಾನೂನು ಬಂತು, ಆದ್ರೆ ಎರಡನೇ ಮಹಾಯುದ್ಧದ ತಲೆಮಾರು ದಿನಾ ನೂರಾರು ಜನ ತೀರ್ಕೋತಿದ್ರು, ಊದೋರು ಅಷ್ಟು ಜನ ಇರ್ಲಿಲ್ಲ. ಅದಕ್ಕೆ 2003ರಲ್ಲಿ ಬ್ಯೂಗಲ್ ಬಾಯೊಳಗೆ ಒಂದು ಎಲೆಕ್ಟ್ರಾನಿಕ್ ಸಾಧನ ಇಟ್ಟು, ಬಟನ್ ಒತ್ತಿ, ತುಟಿಗೆ ಹಿಡ್ಕೊಂಡು ನಿಂತ್ರೆ ರೆಕಾರ್ಡಿಂಗ್ ಬರೋ ತರ ಮಾಡಿದ್ರು. ಅವರ ಕಷ್ಟ ನನಗೆ ಅರ್ಥ ಆಗುತ್ತೆ, ಏನೂ ಇಲ್ಲದೇ ಇರೋದಕ್ಕಿಂತ ಅದು ಮೇಲು, ಕ್ಯಾಸೆಟ್ ಪ್ಲೇಯರ್ ತಂದು ಸಮಾಧಿ ಪಕ್ಕ ಇಡೋದಕ್ಕಿಂತಲೂ ಮೇಲು. ಅಲ್ಲೂ ಬ್ಯೂಗಲ್ಸ್ ಅಕ್ರಾಸ್ ಅಮೆರಿಕ ಅಂತ ಸ್ವಯಂಸೇವಕರ ಸಂಘ ಕಟ್ಕೊಂಡು, ನಾವು ಬಂದು ನಿಜವಾಗ್ಲೂ ಊದ್ತೀವಿ ದುಡ್ಡು ಬೇಡ ಅಂತ ಹೋಗೋರು ಇದಾರೆ. ನಮ್ಮ ಕಡೆನೂ ಈಗೀಗ ಸಣ್ಣಪುಟ್ಟ ಕಾರ್ಯಕ್ರಮಗಳಲ್ಲಿ ಸ್ಪೀಕರಲ್ಲಿ ಹಾಕಿಬಿಡೋದು ನೋಡಿದೀನಿ. ಮಾವನ ಹತ್ರ ಈ ಬಟನ್ ಬ್ಯೂಗಲ್ ವಿಷಯ ಹೇಳಿದಾಗ ಸ್ವಲ್ಪ ಹೊತ್ತು ಮಾತಾಡ್ಲಿಲ್ಲ, ಆಮೇಲೆ "ಅವನ ಜೊತೆ ಕೆಲಸ ಮಾಡಿದೋನು ಒಬ್ಬ ಉಸಿರು ಕೊಡ್ಬೇಕಮ್ಮ, ಮಿಷನ್‌ಗೆ ಏನು ಗೊತ್ತು" ಅಂದ್ರು. ತಮ್ಮ ಬ್ಯಾಚಿನೋರೊಬ್ಬರ ಮಣ್ಣಿಗೆ ತಾವೇ ಊದಿದ್ದು, ಶೋಕ್ ಶಸ್ತ್ರ್ ಆರ್ಡರ್ ಆಗಿ ಎಲ್ಲರ ಬಂದೂಕು ತಲೆಕೆಳಗಾದಾಗ ಕಣ್ಣು ಮುಚ್ಕೊಂಡೇ ಪೂರ್ತಿ ಊದಿದ್ದು ಅವತ್ತು ಕಾರಲ್ಲಿ ವಾಪಸ್ ಬರ್ತಾ ಹೇಳಿದ್ರು. ನಮ್ಮನೆಯವರಿಗೇ ಆ ಕತೆ ಗೊತ್ತಿರ್ಲಿಲ್ಲ.

ಈಪರ್ ಇದರಲ್ಲಿ ಗೆದ್ದಿರೋದು ಇಲ್ಲೇ. ಊದೋರು ಊರಿನೋರೇ, ತಲೆಮಾರಿಂದ ತಲೆಮಾರಿಗೆ. ಆಂಟ್ವಾನ್ ವೆರ್ಸ್‌ಕೋಟ್ ಅಂತ ಒಬ್ಬರಿದ್ರು, 1954ರಿಂದ ಅರವತ್ತು ವರ್ಷ ಇಲ್ಲಿ ಊದಿದೋರು, 15,000 ಸಲಕ್ಕೂ ಹೆಚ್ಚು. ಮಳೆ, ಹಿಮ, ಹಬ್ಬ ಅಂತ ನೋಡದೆ ತಮ್ಮ ಸರದಿಗೆ 8 ಗಂಟೆಗೆ ಅಲ್ಲಿ. 2017ರಲ್ಲಿ ತೀರ್ಕೊಂಡ್ರು. ಅಂಥೋರು ಕಟ್ಟಿದ್ದನ್ನ ನಾವು ಹತ್ತು ನಿಮಿಷ ನಿಂತು ಕೇಳಿ ಹೋಗ್ತೀವಿ, ಒಂದು ರೂಪಾಯಿ ಕೊಡದೆ. ಲಾಸ್ಟ್ ಪೋಸ್ಟ್ ಅಸೋಸಿಯೇಷನ್ ಅಂತ ಅವರದೇ ಸಂಸ್ಥೆ ಇದೆ, ಅದು ನಡೆಯೋದೇ ದೇಣಿಗೆ ಮೇಲೆ, ಆಗೋರು ಏನಾದ್ರೂ ಹಾಕಿ ಬನ್ನಿ.

ಚೆನ್ನಾಗಿಲ್ಲದೇ ಇರೋದೂ ಇದೆ, ಅದನ್ನೂ ಹೇಳ್ಬೇಕಲ್ಲ. ಬೇಸಿಗೆಲಿ ಜನ ಜಾಸ್ತಿ ಅಂದ್ರೆ ಸಿಕ್ಕಾಪಟ್ಟೆ ಜಾಸ್ತಿ. ಇಂಗ್ಲೆಂಡಿಂದ ಸ್ಕೂಲ್ ಟ್ರಿಪ್ ಬಸ್ಸುಗಳು ಸಾಲಾಗಿ ಬರ್ತಾವೆ. 7:40ಕ್ಕೆ ಹೋದ್ರೆ ನಿಮಗೆ ಕಾಣೋದು ಮುಂದಿನೋರ ಬ್ಯಾಗು ಮತ್ತೆ ಎತ್ತಿ ಹಿಡಿದಿರೋ ಫೋನ್‌ಗಳು. 7 ಗಂಟೆಗೇ ಹೋಗಿ ಹಗ್ಗದ ಹತ್ರ ನಿಂತ್ಕೊಳ್ಳಿ, ವಯಸ್ಸಾದೋರಿದ್ರೆ ಇನ್ನೂ ಮುಂಚೆ, ಕೂರೋಕೆ ಜಾಗ ಇಲ್ಲ ಅನ್ನೋದು ತಲೇಲಿಟ್ಕೊಳ್ಳಿ. ಮಾವನಿಗೆ ಮಂಡಿ ನೋವು, ನಾವು ಮಡಚೋ ಸ್ಟೂಲ್ ತಗೊಂಡು ಹೋಗಿದ್ವಿ, ಶುರುವಾದಾಗ ಅವರೇ ಎದ್ದು ನಿಂತ್ರು, ಬೇಡ ಅಂದ್ರೂ ಕೇಳ್ಲಿಲ್ಲ. ನನ್ನ ಕೇಳಿದ್ರೆ ಚಳಿಗಾಲದಲ್ಲಿ ವಾರದ ಮಧ್ಯ ಹೋಗೋದು ಬೆಸ್ಟು, ಜನ ಕಮ್ಮಿ, ಶಬ್ದ ಚೆನ್ನಾಗಿ ಕೇಳುತ್ತೆ, ಆದ್ರೆ ಗಾಳಿ ಎರಡೂ ಕಡೆಯಿಂದ ನುಗ್ಗುತ್ತೆ, ಕಿವಿ ಮುಚ್ಚೋ ಟೋಪಿ ಹಾಕ್ಕೊಂಡು ಹೋಗಿ, ಊದೋವಾಗ ಮಾತ್ರ ಕಿವಿ ಬಿಚ್ಚಿ. ನವೆಂಬರ್ 11ಕ್ಕೆ ಬೆಳಗ್ಗೆ 11ಕ್ಕೆ ವಿಶೇಷ ಕಾರ್ಯಕ್ರಮ ಇರುತ್ತೆ, ಅವತ್ತು ಮೊದಲ ಸಲ ಹೋಗೋರಿಗೆ ನಾನು ಸಲಹೆ ಮಾಡಲ್ಲ, ದೊಡ್ಡ ಪರದೆ ಮೇಲೆ ನೋಡ್ಬೇಕಾಗುತ್ತೆ.

ಚಪ್ಪಾಳೆ. ಇದೊಂದು ನನಗೆ ಆಗೋದೇ ಇಲ್ಲ. ಮುಗಿದ ಮೇಲೆ ಚಪ್ಪಾಳೆ ಹೊಡೀಬೇಡಿ ಅಂತ ಹೇಳಿರ್ತಾರೆ, ಆದ್ರೂ ಯಾರಾದ್ರೂ ಶುರು ಮಾಡ್ತಾರೆ, ಒಬ್ಬರು ಹೊಡೆದ್ರೆ ಎಲ್ಲರೂ. ಇದು ಕಛೇರಿ ಅಲ್ಲ. ಮಣ್ಣು ಮಾಡೋ ಹೊತ್ತಲ್ಲಿ ಯಾರಾದ್ರೂ ಚಪ್ಪಾಳೆ ಹೊಡೀತಾರಾ? ಮಕ್ಕಳನ್ನ ಕರ್ಕೊಂಡು ಹೋಗೋರು ಮುಂಚೇನೇ ಹೇಳಿ ಕರ್ಕೊಂಡು ಹೋಗಿ, ಮಕ್ಕಳು ಚೆನ್ನಾಗೇ ಕೇಳ್ತಾರೆ, ದೊಡ್ಡೋರದ್ದೇ ಕಷ್ಟ.

ಹೆಸರುಗಳಿಗೆ ಟೈಮ್ ಇಟ್ಕೊಳ್ಳಿ. ಕಾರ್ಯಕ್ರಮ ಮುಗಿದ ಕೂಡ್ಲೇ ಎಲ್ಲ ಬಿಯರ್ ಕಡೆ ಹೋಗ್ತಾರೆ, ಆಗ ಗೋಡೆಗಳು ಖಾಲಿ ಸಿಗುತ್ತೆ. ಹೆಸರುಗಳು ರೆಜಿಮೆಂಟ್ ಪ್ರಕಾರ, ಆಮೇಲೆ ರ‍್ಯಾಂಕ್ ಪ್ರಕಾರ ಇರೋದು. ನಮ್ಮ ದೇಶದೋರ ಹೆಸರು 400ಕ್ಕೂ ಹೆಚ್ಚು ಇದೆ, ಸುಬೇದಾರ್, ಹವಾಲ್ದಾರ್, ನಾಯಕ್, ಸಿಪಾಯಿ ಅಂತ ಕೆತ್ತಿ ಅದರ ಕೆಳಗೆ ಸಿಂಗ್‌ಗಳು, ಖಾನ್‌ಗಳು, ರಾಮ್‌ಗಳು. ಭಾರತದಿಂದ ಹೋದ ಪಡೆ 1914ರ ಸೆಪ್ಟೆಂಬರ್ ಕೊನೆಗೆ ಫ್ರಾನ್ಸಿನ ಮಾರ್ಸೇಲ್ಸ್ ಬಂದರಿಗೆ ಇಳೀತು, ಅಕ್ಟೋಬರ್ ಮುಗಿಯೋ ಹೊತ್ತಿಗೆ ಇಲ್ಲಿ ಕಂದಕದಲ್ಲಿತ್ತು, ಅದೂ ಹತ್ತಿ ಬಟ್ಟೆಯ ಯೂನಿಫಾರ್ಮಲ್ಲಿ ಬಂದೋರು ಬೆಲ್ಜಿಯಂ ಚಳಿಗೆ. ಇಲ್ಲೇ ಹತ್ರ ಹೊಲ್ಲೆಬೆಕೆ ಅನ್ನೋ ಹಳ್ಳೀಲಿ 1914ರ ಅಕ್ಟೋಬರ್ 31ಕ್ಕೆ 129ನೇ ಬಲೂಚ್ ಪಡೆಯ ಖುದಾದಾದ್ ಖಾನ್, ಜೊತೆಲಿ ಮಷಿನ್‌ಗನ್ ನಡೆಸ್ತಿದ್ದೋರೆಲ್ಲ ಸತ್ತ ಮೇಲೂ ಒಬ್ಬರೇ ಗಾಯ ಇಟ್ಕೊಂಡು ಗುಂಡು ಹಾರಿಸ್ತಾ ಇದ್ದು ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಪಡೆದ ಮೊದಲ ಭಾರತೀಯ ಸೈನಿಕ ಆದ್ರು. ಅವರು ಬದುಕಿ ಉಳಿದ್ರು. ಆ ಜೊತೆಗಾರರ ತರದೋರು ಈ ಗೋಡೆ ಮೇಲಿರೋದು. 1915ರ ಏಪ್ರಿಲ್‌ನಲ್ಲಿ ಜರ್ಮನ್ನರು ಕ್ಲೋರಿನ್ ಗ್ಯಾಸ್ ಬಿಟ್ಟಾಗ್ಲೂ ಭಾರತೀಯ ಪಡೆಯ ಲಾಹೋರ್ ಡಿವಿಷನ್‌ನ ಇಲ್ಲಿಗೆ ತಂದು ನಿಲ್ಲಿಸಿದ್ರು, ಸರಿಯಾದ ಮಾಸ್ಕ್ ಇಲ್ಲದೇನೇ.

ಕನ್ನಡದ ಹೆಸರು ಹುಡುಕೋಕೆ ಹೋಗ್ಬೇಡಿ, ಇಲ್ಲಿ ಸತ್ತ ಭಾರತೀಯರು ಹೆಚ್ಚಾಗಿ ಪಂಜಾಬ್, ಪಠಾಣ ಸೀಮೆ ಕಡೆಯೋರು. ನಮ್ಮ ಮೈಸೂರು ಲ್ಯಾನ್ಸರ್ಸ್ ಹೋಗಿದ್ದು ಇನ್ನೊಂದು ರಣರಂಗಕ್ಕೆ, 1918ರ ಸೆಪ್ಟೆಂಬರ್ 23ಕ್ಕೆ ಈಗಿನ ಇಸ್ರೇಲಿನ ಹೈಫಾ ಗೆದ್ದವರಲ್ಲಿ ಅವರಿದ್ರು, ಅವರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿದೆ, ನಮ್ಮಲ್ಲಿ ಎಷ್ಟು ಜನ ನೋಡಿದೀವಿ ಗೊತ್ತಿಲ್ಲ. ಆದ್ರೂ ಮಾವ ಸಿಪಾಯಿಗಳ ಸಾಲು ಒಂದೊಂದೇ ಜೋರಾಗಿ ಓದಿದ್ರು. ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಓದ್ಬೇಕು ಅವರು, ಕತ್ತಲೆ ಬೇರೆ, ನಾನು ಫೋನಿನ ಲೈಟ್ ಹಿಡಿದೆ. ಒಂದು ಪ್ಯಾನೆಲ್ ಮುಗಿಯೋವರೆಗೂ ಅಲ್ಲಿಂದ ಕದಲಲಿಲ್ಲ. ನಿರ್ದಿಷ್ಟ ಹೆಸರು ಹುಡುಕೋರಿಗೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ವೆಬ್‌ಸೈಟಲ್ಲಿ ಹಾಕಿದ್ರೆ ಪ್ಯಾನೆಲ್ ನಂಬರ್ ಸಿಗುತ್ತೆ, ಮೊದಲೇ ಬರ್ಕೊಂಡು ಹೋಗಿ. ಈಗ್ಲೂ ಹೊಲ ಉಳುವಾಗ, ಕಟ್ಟಡಕ್ಕೆ ಪಾಯ ತೆಗೆಯುವಾಗ ಅಸ್ಥಿ ಸಿಗ್ತಿರುತ್ತೆ, ಯಾರದ್ದು ಅಂತ ಗುರುತು ಹತ್ತಿದ್ರೆ ಮರ್ಯಾದೆಯಿಂದ ಸಮಾಧಿ ಮಾಡ್ತಾರೆ, ಆಮೇಲೆ ಈ ಗೋಡೆಯಿಂದ ಆ ಹೆಸರು ತೆಗೀತಾರೆ, ಯಾಕಂದ್ರೆ ಅವನು ಇನ್ನು ಕಾಣೆಯಾದವನಲ್ಲ. ಪಕ್ಕದ ಮೆಟ್ಟಿಲು ಹತ್ತಿ ಕೋಟೆಗೋಡೆ ಮೇಲೆ ಹೋದ್ರೆ ಹುಲ್ಲಿನ ಮೇಲೆ ಅಶೋಕನ ನಾಲ್ಕು ಸಿಂಹ ಇಟ್ಟಿರೋ ಭಾರತೀಯ ಸ್ಮಾರಕ ಇದೆ, ಬಹಳ ಜನ ಅದನ್ನ ನೋಡದೇ ಹೋಗ್ಬಿಡ್ತಾರೆ, ಬೆಳಕಿರುವಾಗ್ಲೇ ನೋಡ್ಕೊಳ್ಳಿ.

ಇನ್ನು ಹೋಗೋ ಬರೋ ವಿಷಯ. ಬ್ರಸೆಲ್ಸಿಂದ ಟ್ರೇನಲ್ಲಿ ಹೆಚ್ಚು ಕಮ್ಮಿ ಎರಡು ಗಂಟೆ, ಸ್ಟೇಷನ್ನಿಂದ ಗೇಟಿಗೆ ನಡ್ಕೊಂಡೇ ಹೋಗ್ಬಹುದು, ದಾರೀಲೇ ಊರಿನ ಚೌಕ, ಆ ದೊಡ್ಡ ಕ್ಲಾತ್ ಹಾಲ್ ಸಿಗುತ್ತೆ. ಅದು ಹಳೇದು ಅನ್ಸುತ್ತೆ ಆದ್ರೆ ಯುದ್ಧದಲ್ಲಿ ಪುಡಿಯಾಗಿದ್ದನ್ನ ಹಳೇ ರೂಪದಲ್ಲೇ ಮತ್ತೆ ಕಟ್ಟಿದ್ದು, ಕೆಲಸ ಮುಗಿದಿದ್ದು 1967ಕ್ಕೆ. ಒಳಗಡೆ ಇನ್ ಫ್ಲಾಂಡರ್ಸ್ ಫೀಲ್ಡ್ಸ್ ಮ್ಯೂಸಿಯಂ ಇದೆ, ಮಧ್ಯಾಹ್ನ ಅದನ್ನ ನೋಡಿ ಸಂಜೆ ಗೇಟಿಗೆ ಹೋದ್ರೆ ಸರಿಹೋಗುತ್ತೆ. ಟ್ರೇನಲ್ಲಿ ವಾಪಸ್ ಹೋಗೋರು ಕೊನೆ ಟ್ರೇನ್ ಎಷ್ಟೊತ್ತಿಗೆ ಅಂತ ಮೊದಲೇ ನೋಡ್ಕೊಂಡಿರಿ, ಅದಕ್ಕಿಂತ ಅಲ್ಲೇ ಒಂದು ರಾತ್ರಿ ಉಳ್ಕೊಳ್ಳೋದು ಒಳ್ಳೇದು. ಊಟ ಮುಂಚೇನೇ ಮಾಡ್ಕೊಳ್ಳಿ, ಸಣ್ಣ ಊರು, ಕಾರ್ಯಕ್ರಮ ಮುಗಿಸಿ ಹೊರಡೋಷ್ಟರಲ್ಲಿ ಬಹಳ ಕಡೆ ಅಡುಗೆಮನೆ ಮುಚ್ಚೋ ಟೈಮು. ಸಸ್ಯಾಹಾರಿಗಳಿಗೆ ಕಷ್ಟಾನೇ, ಫ್ರೈಸ್ ಅಂಗಡಿ ಸಿಗುತ್ತೆ, ನಾವು ಪುಳಿಯೋಗರೆ ಕಟ್ಕೊಂಡು ಹೋಗಿದ್ವಿ.

ಪುಷ್ಪಚಕ್ರ ಇಡ್ಬೇಕು ಅನ್ನೋರು ಅಸೋಸಿಯೇಷನ್ ವೆಬ್‌ಸೈಟಲ್ಲಿ ಮೊದಲೇ ಅರ್ಜಿ ಹಾಕ್ಬೇಕು, ಯಾರು ಬೇಕಾದ್ರೂ ಹಾಕ್ಬಹುದು, ಸಂಘ ಸಂಸ್ಥೆ ಅಂತೇನಿಲ್ಲ. ಯೂರೋಪಿನ ಕನ್ನಡ ಸಂಘದೋರು ರಾಜ್ಯೋತ್ಸವಕ್ಕೆ ಹೇಗಿದ್ರೂ ನವೆಂಬರಲ್ಲಿ ಸೇರ್ತಾರೆ, ಒಂದು ವರ್ಷ ಒಂದು ಬಸ್ ಮಾಡ್ಕೊಂಡು ಬಂದು ಇಟ್ಟು ಹೋಗ್ಬಹುದು ಅನ್ನೋದು ನನ್ನ ಆಸೆ, ನಮ್ಮ ಊರಿನ ಸಂಘದಲ್ಲಿ ಕೇಳಿದೀನಿ.

ಕಾರಿದ್ದು ಮರುದಿನ ಟೈಮ್ ಇದ್ರೆ ಫ್ರಾನ್ಸ್ ಗಡಿ ದಾಟಿ ನೂವ್ ಶಪೆಲ್‌ಗೆ ಹೋಗಿ, ಮುಕ್ಕಾಲು ಗಂಟೆ ಒಂದು ಗಂಟೆ ಡ್ರೈವ್. ಪಶ್ಚಿಮ ರಣರಂಗದಲ್ಲಿ ಕಾಣೆಯಾದ ಭಾರತೀಯರಿಗೇ ಅಂತ ಕಟ್ಟಿರೋ ಸ್ಮಾರಕ ಅದು, 4,700ಕ್ಕೂ ಹೆಚ್ಚು ಹೆಸರು, ನಡುವೆ ಕಮಲದ ಬೋದಿಗೆ ಇರೋ ಎತ್ತರದ ಕಂಬ. ನಾವು ಹೋದಾಗ ನಮ್ಮನ್ನ ಬಿಟ್ರೆ ಯಾರೂ ಇರ್ಲಿಲ್ಲ. ಪಾರ್ಕಿಂಗ್ ರಸ್ತೆ ಪಕ್ಕದಲ್ಲೇ ಮಾಡ್ಬೇಕು, ಟಾಯ್ಲೆಟ್ ಇಲ್ಲ, ನೀರು ತಗೊಂಡು ಹೋಗಿ.